ಇಕ್ಕಟ್ಟಿನ ಸ್ಮೃತಿಕೋಶದಲ್ಲಿ ಕನ್ನಡ

ಮೌಖಿಕ ಪರಂಪರೆಯ ಅಧ್ಯಯನದಲ್ಲಿ ಸ್ಮೃತಿಯ ಪ್ರಶ್ನೆ ಹಳೆಯದು. ಅಕ್ಷರ ಬಾರದ ಗಾಯಕ ಸಾವಿರಾರು ಸಾಲುಗಳ ಕಾವ್ಯವನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾನೆ, ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳ ನಾಲಗೆಗೆ ಪದದ ಮೇಲೆ ಪದ ಹೇಗೆ ಒದಗಿ ಬರುತ್ತದೆ ಎಂಬುದನ್ನು ಜಾನಪದ ವಿದ್ವಾಂಸರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ ಹಾಗೆ ಸಂಗ್ರಹವಾದ ಪದಗಳನ್ನು ಕಾಗದಕ್ಕೂ ಗ್ರಂಥಕ್ಕೂ ತಲುಪಿಸಿದ ಇನ್ನೊಂದು ಸ್ಮೃತಿಯಿದೆ. ಅದು 1980 ಮತ್ತು 90ರ ದಶಕಗಳ ಗಣಕಯಂತ್ರದ ಸ್ಮೃತಿ. ಅದರ ಅಳತೆ ಬಲು ಕಿರಿದಾಗಿತ್ತು. ಆ ಕಿರಿದಾದ ಜಾಗದಲ್ಲಿ ಕನ್ನಡವನ್ನು ಕೂರಿಸಲು ನಡೆದ ಪ್ರಯತ್ನ, ಅದಕ್ಕಾಗಿ ತೆತ್ತ ಬೆಲೆ, ಆ ಬೆಲೆಯ ಬಾಕಿ ಇಂದಿಗೂ ಪೂರ್ತಿ ತೀರದೆ ಉಳಿದಿರುವುದು ಇವೆಲ್ಲ ಕನ್ನಡ ಸಂಶೋಧನೆಗೆ ನೇರವಾಗಿ ಸಂಬಂಧಿಸಿದ ಸಂಗತಿಗಳು. ಬೀದರ್ ಜಿಲ್ಲೆಯ ಒಬ್ಬ ಸಾಮಾನ್ಯ ಅಕ್ಷರಜೋಡಣೆಗಾರನ ಅನುಭವವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ಔರಾದ್ ತಾಲ್ಲೂಕಿನ ಗಡಿಭಾಗದ ಹಳ್ಳಿಯೊಂದರಲ್ಲಿ ಹುಟ್ಟಿದ ಆತನ ಮನೆಮಾತು ಕನ್ನಡ, ಓಣಿಯ ಮಾತು ಮರಾಠಿ. ಸಂತೆಗೆ ಹೋದರೆ ದಖನಿ ಉರ್ದು, ಬಸ್ಸು ಪೂರ್ವಕ್ಕೆ ಒಂದಿಷ್ಟು ದೂರ ಸಾಗಿದರೆ ತೆಲುಗು. ಮುಂದಿನ ಓದಿಗೆಂದು ಆತ ಭಾಲ್ಕಿಗೆ ಬಂದ. ಬೀದರ್‌ನಲ್ಲಿಯೂ ಭಾಲ್ಕಿಯಲ್ಲಿಯೂ 1980ರ ದಶಕದ ಆರಂಭದಲ್ಲೇ ಎಂಜಿನಿಯರಿಂಗ್ ಕಾಲೇಜುಗಳು ತೆರೆದಿದ್ದರಿಂದ ಗಣಕಯಂತ್ರವೆಂಬ ಹೆಸರು ಆ ಭಾಗದ ಹುಡುಗರಿಗೆ ತೀರ ಅಪರಿಚಿತವಾಗಿರಲಿಲ್ಲ. ಆದರೆ ಅಲ್ಲಿಗೆ ಸೇರುವ ಅನುಕೂಲ ಆತನಿಗಿರಲಿಲ್ಲ. ಭಾಲ್ಕಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರ ಬೆರಳಚ್ಚನ್ನೂ ಕಲಿತು, 1993ರಲ್ಲಿ ಬೀದರ್ ನಗರಕ್ಕೆ ಬಂದು ಹಳೆಯ ಊರಿನ ಚೌಬಾರಾದಿಂದ ಅನತಿ ದೂರದ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡ.

ಬೆಂಗಳೂರು, ಮೈಸೂರುಗಳ ಅಕ್ಷರಜೋಡಣೆಗಾರನಿಗೆ ಎರಡು ಲಿಪಿ ಬಂದರೆ ಸಾಕಾಗಿತ್ತು. ಬೀದರ್‌ನಲ್ಲಿ ಹಾಗಲ್ಲ. ಒಂದೇ ವಾರದಲ್ಲಿ ಕನ್ನಡದ ಲಗ್ನಪತ್ರಿಕೆ, ಔರಾದ್ ಕಡೆಯವರ ಮರಾಠಿ ಲಗ್ನಪತ್ರಿಕೆ, ಹಳೆಯ ಊರಿನ ಮನೆತನದ ಉರ್ದು ದಾವತ್‌ನಾಮೆ, ಕಾಲೇಜಿನ ಇಂಗ್ಲಿಷ್ ಪ್ರಶ್ನೆಪತ್ರಿಕೆ ಎಲ್ಲವೂ ಬರುತ್ತಿದ್ದವು. ಉರ್ದುವನ್ನು ಆಗಿನ್ನೂ ಕಾತಿಬರು ಕೈಯಲ್ಲೇ ಬರೆದು ಕೊಡುತ್ತಿದ್ದರು. ಅದನ್ನು ಕತ್ತರಿಸಿ ಪುಟಕ್ಕೆ ಅಂಟಿಸಲಾಗುತ್ತಿತ್ತು. ಉಳಿದ ಮೂರು ಲಿಪಿಗಳೂ ಒಂದೇ ಗಣಕಯಂತ್ರದೊಳಗೆ ಸರದಿ ಕಾಯಬೇಕಾಗಿತ್ತು. ಆ ಯಂತ್ರ 386 ಸಂಸ್ಕಾರಕದ್ದು; ಸ್ಮೃತಿ 2 ಮೆಗಾಬೈಟ್. ಲೆಕ್ಕದಲ್ಲಿ ಎರಡು ಮೆಗಾಬೈಟ್ ಇದ್ದರೂ ಕೆಲಸಕ್ಕೆ ಒದಗುತ್ತಿದ್ದುದು ಅದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಈ ವಿಚಿತ್ರ ಸ್ಥಿತಿಯ ಕಾರಣವನ್ನು ತಿಳಿಯದೆ ಮುಂದಿನ ಸಂಗತಿ ಅರ್ಥವಾಗದು.

1981ರ ಆಗಸ್ಟ್‌ನಲ್ಲಿ ಐಬಿಎಂ ಸಂಸ್ಥೆ ತನ್ನ ವೈಯಕ್ತಿಕ ಗಣಕವನ್ನು ಹೊರತಂದಿತು. ಅದರಲ್ಲಿದ್ದ ಇಂಟೆಲ್ 8088 ಸಂಸ್ಕಾರಕಕ್ಕೆ ಸ್ಮೃತಿಯ ವಿಳಾಸ ಸೂಚಿಸುವ ತಂತಿಗಳು 20. ಎರಡರ ಇಪ್ಪತ್ತನೆಯ ಘಾತವೆಂದರೆ 10,48,576; ಅಷ್ಟು ಬೈಟುಗಳಿಗೆ, ಅಂದರೆ 1,024 ಕೆಬಿಗೆ ಮಾತ್ರ ಅದು ವಿಳಾಸ ಬರೆಯಬಲ್ಲುದಾಗಿತ್ತು. ಒಂದು ಬೈಟ್ ಎಂದರೆ ಒಂದು ಇಂಗ್ಲಿಷ್ ಅಕ್ಷರ ಹಿಡಿಸುವಷ್ಟು ಜಾಗ. ಈ 1,024 ಕೆಬಿಯಲ್ಲಿ ಮೇಲಿನ 384 ಕೆಬಿಯನ್ನು ಪರದೆಯ ವ್ಯವಸ್ಥೆಗೂ ಯಂತ್ರದ ಕಾಯಂ ಸೂಚನೆಗಳಿಗೂ ಕಾದಿರಿಸಲಾಯಿತು. ಉಳಿದ 640 ಕೆಬಿಯಲ್ಲಿ ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆ, ಸಹಾಯಕ ತಂತ್ರಾಂಶಗಳು, ಬಳಸುವವನ ತಂತ್ರಾಂಶ, ಆತ ಬರೆಯುತ್ತಿರುವ ಬರಹ ಎಲ್ಲವೂ ಅಡಗಬೇಕು. ಬಳಿಕ ಬಂದ 286 ಸಂಸ್ಕಾರಕ 16 ಮೆಗಾಬೈಟ್‌ಗೂ, 386 ಸಂಸ್ಕಾರಕ 4 ಗಿಗಾಬೈಟ್‌ಗೂ ವಿಳಾಸ ಬರೆಯಬಲ್ಲವಾಗಿದ್ದವು. ಆದರೆ ಡಾಸ್ ಮತ್ತು ಅದರ ತಂತ್ರಾಂಶಗಳು ಹಳೆಯ ಯಂತ್ರಕ್ಕೆಂದು ಹುಟ್ಟಿದವು. ಅವು ಹಳೆಯ ಗಡಿಯನ್ನೇ ಹಿಡಿದು ನಡೆದವು.

ಹಳೆಯ ವಾಡೆಯೊಂದನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಮುಂದೆ ಪಡಸಾಲೆ, ಅದಕ್ಕೆ ಹೊಂದಿ ದೇವರಮನೆ, ಹಿತ್ತಲಲ್ಲಿ ದೊಡ್ಡ ಕಣಜ. ಮನೆಯವರೆಲ್ಲ ಪಡಸಾಲೆಯಲ್ಲೇ ಮಲಗಬೇಕು. ದೇವರಮನೆಯಲ್ಲಿ ಮೂಲೆಗಳು ಖಾಲಿಯಿದ್ದರೂ ಅಲ್ಲಿ ಹಾಸಿಗೆ ಹಾಸುವಂತಿಲ್ಲ. ಹಿತ್ತಲ ಕಣಜಕ್ಕೆ ಒಳಗಿನಿಂದ ಬಾಗಿಲೇ ಇಲ್ಲ. 640 ಕೆಬಿ ಆ ಪಡಸಾಲೆ. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಸಂಸ್ಥೆಗಳು ಕೂಡಿ ಕಣಜದ ಗೋಡೆಗೆ ಒಂದು ಕಿಟಕಿ ಕೊರೆದವು. ಅದರ ಅಗಲ 64 ಕೆಬಿ. ಅದರಲ್ಲಿ 16 ಕೆಬಿಯ ನಾಲ್ಕು ತಟ್ಟೆಗಳನ್ನು ಸರದಿಯ ಮೇಲೆ ಒಳಗೆ ತೆಗೆದುಕೊಂಡು ಹೊರಗೆ ಕಳಿಸಬಹುದಾಗಿತ್ತು. 1991ರಲ್ಲಿ ಬಂದ ಎಂಎಸ್-ಡಾಸ್‌ನ 5ನೆಯ ಆವೃತ್ತಿ ತಾನೇ ಎದ್ದು ಒಂದು ಮೆಗಾಬೈಟ್‌ನ ಗಡಿಯಾಚೆಯ ಕಿರುಜಾಗಕ್ಕೆ ಹೋಗಿ ಕುಳಿತುಕೊಳ್ಳಲು ಕಲಿಯಿತು. ಇದರಿಂದ ಪಡಸಾಲೆಯಲ್ಲಿ ಸುಮಾರು 45 ಕೆಬಿ ತೆರವಾಯಿತು. 386 ಯಂತ್ರಗಳಲ್ಲಿ ದೇವರಮನೆಯ ಖಾಲಿ ಮೂಲೆಗಳಿಗೂ ಕೆಲವು ಸಣ್ಣ ತಂತ್ರಾಂಶಗಳನ್ನು ಸಾಗಿಸುವುದು ಸಾಧ್ಯವಾಯಿತು.

ಹೀಗೆ ಸಾಗಿಸುವ ಕೆಲಸ ತಾನಾಗಿ ನಡೆಯುತ್ತಿರಲಿಲ್ಲ. ಯಂತ್ರ ಚಾಲೂ ಆದೊಡನೆ ಓದಿಕೊಳ್ಳುವ ಕಾನ್ಫಿಗ್, ಆಟೋಎಕ್ಸೆಕ್ ಎಂಬ ಎರಡು ಕಡತಗಳಲ್ಲಿ ಸಾಲು ಸಾಲಾಗಿ ಸೂಚನೆ ಬರೆಯಬೇಕಿತ್ತು. ಯಾವುದು ಮೊದಲು, ಯಾವುದು ನಂತರ ಎಂಬ ಕ್ರಮವೂ ಮುಖ್ಯವಾಗಿತ್ತು. ಕೆಲವು ತಂತ್ರಾಂಶಗಳು ಒಳಗೆ ಬರುವಾಗ ಹೆಚ್ಚು ಜಾಗ ಕೇಳಿ, ಕುಳಿತ ಮೇಲೆ ಕುಗ್ಗುತ್ತಿದ್ದವು. ಅಂಥವನ್ನು ಕೊನೆಗೆ ಕರೆದರೆ ಜಾಗ ಸಾಲದೆ ಹಿಂದಿರುಗುತ್ತಿದ್ದವು. ಮೊದಲೇ ಕರೆದರೆ ಒಳಸೇರಿ, ಕುಗ್ಗಿ, ಇತರರಿಗೂ ಎಡೆ ಕೊಡುತ್ತಿದ್ದವು. ತಟ್ಟೆಯಿಂದ ಓದುವಾಗ ಬಳಸುವ ತಾತ್ಕಾಲಿಕ ಗೂಡುಗಳು ಒಂದೊಂದಕ್ಕೂ ಸುಮಾರು 532 ಬೈಟ್ ಬೇಡುತ್ತಿದ್ದವು. ಮೂವತ್ತರ ಬದಲು ಹತ್ತು ಎಂದು ಬರೆದರೆ ಹತ್ತು ಕೆಬಿಗೂ ಮೇಲೆ ಉಳಿಯುತ್ತಿತ್ತು, ಆದರೆ ಕೆಲಸ ನಿಧಾನವಾಗುತ್ತಿತ್ತು. ಆತ ಒಂದು ನೂರು ಪುಟದ ನೋಟುಪುಸ್ತಕದಲ್ಲಿ ಈ ಲೆಕ್ಕವನ್ನು ಬರೆದಿಡತೊಡಗಿದ. ಯಾವ ಸಾಲು ಮೇಲೆ ಹೋದರೆ ಎಷ್ಟು ಉಳಿಯಿತು, ಯಾವುದು ಕೆಳಗಿಳಿದರೆ ಯಂತ್ರ ಸ್ತಬ್ಧವಾಯಿತು ಎಂಬುದರ ದಿನಚರಿ ಅದು. 1993ರಲ್ಲಿ ಬಂದ ಡಾಸ್‌ನ 6ನೆಯ ಆವೃತ್ತಿಯಲ್ಲಿ ಇದೇ ಕೆಲಸವನ್ನು ತಾನೇ ಪ್ರಯತ್ನಿಸಿ ನೋಡುವ ಮೆಮ್‌ಮೇಕರ್ ಎಂಬ ಸಾಧನವಿತ್ತು. ಅದು ಇಂಗ್ಲಿಷ್ ತಂತ್ರಾಂಶಗಳ ಮಟ್ಟಿಗೆ ಚೆನ್ನಾಗಿ ಲೆಕ್ಕ ಹಾಕುತ್ತಿತ್ತು. ಅಂಗಡಿಯ ಕನ್ನಡ ತಂತ್ರಾಂಶವನ್ನು ಮೇಲೆ ಸಾಗಿಸಿದಾಗಲೆಲ್ಲ ಪರದೆ ಕಪ್ಪಾಗುತ್ತಿದ್ದುದರಿಂದ ಆತ ತನ್ನ ನೋಟುಪುಸ್ತಕವನ್ನೇ ನೆಚ್ಚಿಕೊಂಡ.

ಕನ್ನಡಕ್ಕೆ ಈ ಜಾಗ ಏಕೆ ಸಾಲುತ್ತಿರಲಿಲ್ಲ? ಲೆಕ್ಕ ಸರಳ. ಪರದೆಯ ಮೇಲೆ ಮೂಡುವ 256 ಅಕ್ಷರ ಮತ್ತು ಚಿಹ್ನೆಗಳ ಇಂಗ್ಲಿಷ್ ಮಾದರಿಗೆ, ಒಂದೊಂದಕ್ಕೆ 16 ಬೈಟಿನಂತೆ, ಒಟ್ಟು 4 ಕೆಬಿ ಸಾಕು; ಅದೂ ಯಂತ್ರದ ಕಾಯಂ ಸ್ಮೃತಿಯಲ್ಲೇ ಕುಳಿತಿರುತ್ತಿತ್ತು, ಪಡಸಾಲೆಯಲ್ಲಿ ಜಾಗ ಬೇಡುತ್ತಿರಲಿಲ್ಲ. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಅಗಲ 16, ಎತ್ತರ 24 ಚುಕ್ಕಿಗಳ ಚೌಕವೆಂದು ಹಿಡಿದರೂ ಒಂದು ಆಕೃತಿಗೆ 48 ಬೈಟ್ ಬೇಕು. 256 ಆಕೃತಿಗಳಿಗೆ 12 ಕೆಬಿ. 34 ವ್ಯಂಜನಗಳ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಇಡಿಯಾಗಿ ಚಿತ್ರಿಸಿಟ್ಟುಕೊಳ್ಳುವುದಾದರೆ 256 ಎಲ್ಲಿಗೂ ಸಾಲದು. ಸಾಲದ್ದಕ್ಕೆ ಪರದೆಯನ್ನೂ ಅಕ್ಷರಗಳ ಸಾಲೆಂದು ಬಗೆಯದೆ ಚಿತ್ರವೆಂದು ಬಗೆಯಬೇಕು. ಇಂಗ್ಲಿಷಿನ 80 ಅಂಕಣ, 25 ಸಾಲಿನ ಪರದೆ 4,000 ಬೈಟ್‌ಗಳಲ್ಲಿ ಮುಗಿಯುತ್ತಿತ್ತು. 640 ಅಗಲ, 480 ಎತ್ತರದ ಕಪ್ಪು-ಬಿಳುಪು ಚಿತ್ರಪರದೆಗೆ 38,400 ಬೈಟ್ ಬೇಕು. ಮನೆ ಕಟ್ಟುವಾಗಲೇ ಇಂಗ್ಲಿಷಿನ ಅಳತೆ ಹಿಡಿದು ಕಟ್ಟಿದ್ದರಿಂದ ಕನ್ನಡ ಬಂದವೇಳೆಗೆ ಅದು ಹೊರಗಿನವರಂತೆ ಜಾಗ ಕೇಳಬೇಕಾಯಿತು.

ಈ ತೊಡಕಿಗೆ ಎರಡು ಬಗೆಯ ಪರಿಹಾರಗಳು ಹುಟ್ಟಿದವು. ಮೊದಲನೆಯದು ಭಾಷೆಯ ಧ್ವನಿಯನ್ನು ಸ್ಮೃತಿಯಲ್ಲಿಟ್ಟು, ಅಕ್ಷರದ ಆಕೃತಿಯನ್ನು ಪರದೆಗೆ ಬರುವಾಗ ನಿಯಮದಿಂದ ಕಟ್ಟಿಕೊಳ್ಳುವ ಕ್ರಮ. ಕಾನ್ಪುರದ ಐಐಟಿಯಲ್ಲಿ ಆರಂಭಗೊಂಡು ಪುಣೆಯ ಸಿಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಈ ಕೆಲಸವನ್ನು ಯಂತ್ರದೊಳಗೆ ಸೇರಿಸುವ ಒಂದು ಪ್ರತ್ಯೇಕ ಹಲಗೆಗೆ ಒಪ್ಪಿಸಿತು. ಲಿಪಿಯ ಹೊರೆ ಪಡಸಾಲೆಯ ಮೇಲೆ ಬೀಳಲಿಲ್ಲ. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತವ್ಯವಸ್ಥೆಯೂ ಧ್ವನಿಯನ್ನೇ ಆಧಾರವಾಗಿ ಹಿಡಿದಿತ್ತು. ಕನ್ನಡದಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ, ಮುಂದೆ ಕರ್ನಾಟಕ ಸರ್ಕಾರವೂ ಒಪ್ಪಿಕೊಂಡ ಕೀಲಿಮಣೆಯ ಹಿಂದೆಯೂ ಧ್ವನಿಯ ತರ್ಕವೇ ಇದೆ. ಎರಡನೆಯದು ಅಕ್ಷರದ ಆಕೃತಿಯನ್ನೇ ಚೂರುಮಾಡಿ, ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಸ್ಥಾನಗಳಲ್ಲಿ ಅಡಗಿಸುವ ಕ್ರಮ. ತಲೆಕಟ್ಟು ಬೇರೆ, ಒಡಲು ಬೇರೆ, ಒತ್ತು ಬೇರೆ. ಇದಕ್ಕೆ ಪ್ರತ್ಯೇಕ ಹಲಗೆ ಬೇಡ, ನಿಯಮಗಳ ದೊಡ್ಡ ತಂತ್ರಾಂಶ ಬೇಡ, ಹೆಚ್ಚಿನ ಸ್ಮೃತಿಯೂ ಬೇಡ. ಸಣ್ಣ ಊರಿನ ಸಣ್ಣ ಅಂಗಡಿಗಳಿಗೆ ಕೈಗೆಟುಕಿದ್ದು ಈ ಎರಡನೆಯದೇ. ಮುಂದೆ ವಿಂಡೋಸ್ ಬಂದು ಸ್ಮೃತಿಯ ಇಕ್ಕಟ್ಟು ಸಡಿಲಗೊಂಡ ಮೇಲೂ, ಆಗಿನ ತಂತ್ರಾಂಶಗಳು 256 ಸ್ಥಾನಗಳ ಅಕ್ಷರಶೈಲಿಯನ್ನಷ್ಟೇ ಬಲ್ಲವಾಗಿದ್ದುದರಿಂದ, ಬಹುಕಾಲ ಇದೇ ರೂಢಿ ಮುಂದುವರಿಯಿತು.

ಚೂರುಗಳ ಆಯ್ಕೆಯಲ್ಲಿ ಅಪರೂಪದ ಅಕ್ಷರಗಳು ಮೊದಲು ಹೊರಬಿದ್ದವು. ಆತ ಬಳಸುತ್ತಿದ್ದ ತಂತ್ರಾಂಶದಲ್ಲಿ ಹಳಗನ್ನಡದ ಱ, ೞ ಇರಲಿಲ್ಲ. ಲಗ್ನಪತ್ರಿಕೆಗೆ ಇವುಗಳ ಅಗತ್ಯವಿಲ್ಲ. ಶಾಸನಪಾಠ ತಂದವರಿಗೆ ಮಾತ್ರ ಆತ ಖಾಲಿ ಬಿಟ್ಟು ಕೊಡುತ್ತಿದ್ದ, ಅವರು ಲೇಖನಿಯಿಂದ ತುಂಬಿಕೊಳ್ಳುತ್ತಿದ್ದರು. ಕನ್ನಡಕ್ಕೂ ಮರಾಠಿಗೂ ಬೇರೆ ಬೇರೆ ತಂತ್ರಾಂಶಗಳಿದ್ದು, ಎರಡೂ ಒಟ್ಟಿಗೆ ಕೂರುವಷ್ಟು ಜಾಗವಿರಲಿಲ್ಲ. ಡಾಸ್‌ನ 6ನೆಯ ಆವೃತ್ತಿ ಬಂದ ಮೇಲೆ ಯಂತ್ರ ಆರಂಭಿಸುವಾಗಲೇ ಆಯ್ಕೆಯ ಪಟ್ಟಿಯೊಂದು ಮೂಡುವಂತೆ ಮಾಡಬಹುದಾಯಿತು. ಒಂದು ಒತ್ತಿದರೆ ಕನ್ನಡ, ಎರಡು ಒತ್ತಿದರೆ ಮರಾಠಿ, ಮೂರು ಒತ್ತಿದರೆ ಬರಿಯ ಇಂಗ್ಲಿಷ್. ಭಾಷೆ ಬದಲಿಸಬೇಕೆಂದರೆ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಬೇಕು. ಮನೆಯಲ್ಲಿ, ಸಂತೆಯಲ್ಲಿ ಒಂದೇ ವಾಕ್ಯದೊಳಗೆ ಮೂರು ಭಾಷೆಗಳನ್ನು ದಾಟಿ ಬರುವ ಔರಾದಿನ ಹುಡುಗನಿಗೆ ಈ ಕಟ್ಟುಪಾಡು ವಿಚಿತ್ರವೆನಿಸಿದ್ದು ಸಹಜ.

1994ರ ಕೊನೆಯಲ್ಲಿ ಆ ಅಂಗಡಿಗೆ ಒಬ್ಬ ಸಂಶೋಧಕಿ ಬಂದರು. ಔರಾದ್ ತಾಲ್ಲೂಕಿನ ಹೆಣ್ಣುಮಕ್ಕಳ ಹಾಡುಗಳನ್ನು ಕುರಿತ ಎಂ.ಫಿಲ್. ಪ್ರಬಂಧ ಅವರದು. ಬೀಸುವ ಪದ, ಕುಟ್ಟುವ ಪದ, ಸೋಬಾನೆ, ಮೊಹರಂನ ರಿವಾಯತ್ ಪದಗಳ ಸಂಗ್ರಹ ಅನುಬಂಧದಲ್ಲಿತ್ತು. ವಿವೇಚನೆಯ ಭಾಗ ಬೇಗ ಮುಗಿಯಿತು. ಹಾಡುಗಳ ಭಾಗಕ್ಕೆ ಬಂದಾಗ ಸ್ಮೃತಿಯ ಪ್ರಶ್ನೆ ಎದ್ದಿತು. ಆ ತಂತ್ರಾಂಶ ಒಂದು ಕಡತವನ್ನು ಇಡಿಯಾಗಿ ಸ್ಮೃತಿಯಲ್ಲಿ ಹಿಡಿದು ಕೆಲಸ ಮಾಡುವಂಥದು. 8088ರ ವಂಶದ ಸಂಸ್ಕಾರಕಗಳಲ್ಲಿ ಸ್ಮೃತಿಯ ಒಂದು ಖಂಡವೆಂದರೆ 64 ಕೆಬಿ, ಕಡತವೂ ಅಷ್ಟರೊಳಗೇ ಇರಬೇಕು. ಅಕ್ಷರ ಚೂರುಗಳಾಗಿ ಹೋಗುವುದರಿಂದ ಒಂದು ಸಾಲಿಗೆ ನಲವತ್ತು ಬೈಟ್ ಎಂದು ಹಿಡಿದರೆ ಒಂದು ಕಡತಕ್ಕೆ ಸುಮಾರು 1,600 ಸಾಲು. ಮಿತಿ ಹತ್ತಿರವಾದಂತೆ ಯಂತ್ರ ತಡೆಯುತ್ತಿತ್ತು. ಮಿತಿ ದಾಟಿದರೆ ನಿಂತೇ ಬಿಡುತ್ತಿತ್ತು. ಅಷ್ಟರಲ್ಲಿ ವಿದ್ಯುತ್ ಹೋದರೆ ತಟ್ಟೆಗೆ ಬರೆಯದ ಭಾಗವೆಲ್ಲ ಹೋದಂತೆಯೇ.

ಹಾಡುಗಳಲ್ಲಿ ಸೊಲ್ಲು ಮತ್ತೆ ಮತ್ತೆ ಬರುತ್ತಿತ್ತು. ಅದನ್ನು ಪ್ರತಿ ನುಡಿಗೂ ಬರೆಯದೆ ಒಮ್ಮೆ ಮಾತ್ರ ಬರೆದು, ಮುಂದೆ ನಕ್ಷತ್ರಚಿಹ್ನೆ ಹಾಕಿದರೆ ಎಲ್ಲ ಹಾಡುಗಳೂ ಏಳು ಕಡತಗಳಲ್ಲಿ ಮುಗಿಯುತ್ತವೆಂದು ಆತ ಲೆಕ್ಕ ತೋರಿಸಿದ.

“ಮೇಡಂ, ಇದ್ರಾಗ ಜಾಗಾ ಇಲ್ರಿ. ಇಂಗ್ಲಿಷ್‌ನೋರು ಮೊದ್ಲೇ ಬಂದು ಕುಂತಾರ. ನಾವು ಸಂದ್ಯಾಗ ಸೇರ್ಕೋಬೇಕಾಗ್ಯಾದ.”

“ಹಾಡಿನ್ಯಾಗಿಂದು ಒಂದು ಮಾತೂ ಬಿಡ್ಲಾಕ ಬರಲ್ಲ ತಮ್ಮಾ. ಹಾಡ್ದೋರು ನಂಬಿ ಹಾಡ್ಯಾರ.”

ಪ್ರಬಂಧ ಒಪ್ಪಿಸುವ ದಿನ ಹತ್ತಿರವಿತ್ತು. ಕಡೆಗೆ ನಕ್ಷತ್ರವೇ ಉಳಿಯಿತು. ಸೊಲ್ಲು ಒಂದೇ ರೀತಿಯಿರುವ ಕಡೆ ಮಾತ್ರ ನಕ್ಷತ್ರ ಹಾಕಬೇಕು, ಬದಲಾದ ಕಡೆ ಪೂರ್ತಿ ಬರೆಯಬೇಕು ಎಂದು ಒಪ್ಪಂದವಾಯಿತು. ಆದರೆ ಎಲ್ಲಿ ಬದಲಾಗಿದೆ ಎಂಬುದನ್ನು ಬರಿಗಣ್ಣಿನಿಂದ ನಿರ್ಧರಿಸುವುದು ಸುಲಭವಲ್ಲ. ಬೀಸುವವಳು ಮೊದಲ ಸಲ ಅಣ್ಣನ ಹೆಸರು ಹಿಡಿದವಳು ಮೂರನೆಯ ಸಲ ತಮ್ಮನ ಹೆಸರು ಹಿಡಿಯುತ್ತಾಳೆ. ಒಂದು ಕಡೆ ತವರೂರಿನ ಹೆಸರು, ಮತ್ತೊಂದು ಕಡೆ ಬರಿಯ ತವರು. ಕೈಬರಹದಲ್ಲಿಯೂ ಇಂಥ ಕಡೆ ಹಲವು ಸಲ ಬರಿಯ ಗೆರೆ ಎಳೆದಿತ್ತು. ಹೀಗಾಗಿ ಸೂಕ್ಷ್ಮ ವ್ಯತ್ಯಾಸಗಳು ಕೆಲವಾದರೂ ನಕ್ಷತ್ರದ ಕೆಳಗೆ ಮರೆಯಾದವು.

ಇಲ್ಲಿ ಒಂದು ತುಲನೆಗೆ ಅವಕಾಶವಿದೆ. ಗಣಕದ ಕಡತವನ್ನು ಕುಗ್ಗಿಸುವ ವಿಧಾನಗಳಲ್ಲಿ 1977ರಲ್ಲಿ ಲೆಂಪೆಲ್ ಮತ್ತು ಝಿವ್ ಪ್ರಕಟಿಸಿದ ಕ್ರಮ ಪ್ರಸಿದ್ಧವಾದುದು. ಒಮ್ಮೆ ಬಂದ ಅಕ್ಷರಸಾಲು ಮತ್ತೆ ಬಂದರೆ ಅದನ್ನು ಬರೆಯದೆ, ‘ಇಷ್ಟು ಹಿಂದೆ ಹೋಗಿ ಇಷ್ಟನ್ನು ತೆಗೆದುಕೋ’ ಎಂಬ ಸೂಚನೆಯನ್ನಷ್ಟೇ ಅದು ಬರೆದಿಡುತ್ತದೆ. ಬಿಡಿಸುವಾಗ ಒಂದು ಅಕ್ಷರವೂ ತಪ್ಪದೆ ಮೂಲ ಹಿಂದಿರುಗುತ್ತದೆ. ಆತನ ನಕ್ಷತ್ರವೂ ಅದೇ ಜಾತಿಯದಾಗಿ ಕಾಣುತ್ತದೆ, ಆದರೆ ಅಲ್ಲ. ಯಂತ್ರ ಅಕ್ಷರಶಃ ಒಂದೇ ಆಗಿರುವುದನ್ನು ಮಾತ್ರ ಒಂದೆಂದು ಎಣಿಸುತ್ತದೆ. ಅವಸರದಲ್ಲಿರುವ ಮನುಷ್ಯ ಹತ್ತಿರವಿರುವುದನ್ನೂ ಒಂದೆಂದು ಎಣಿಸುತ್ತಾನೆ. ಹಾಡುವವಳಿಗಾದರೋ ಸೊಲ್ಲು ನೆನಪಿನ ಉಸಿರುದಾಣ. ಒಂದು ಸೊಲ್ಲು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ನುಡಿ ಅವಳಿಗೆ ಒದಗಿ ಬರುತ್ತದೆ. ಪುನರಾವರ್ತನೆ ಅವಳ ಸ್ಮೃತಿಗೆ ಆಸರೆ; ಗಣಕದ ಸ್ಮೃತಿಗೆ ಅದು ಹೊರೆ. ಎರಡು ಸ್ಮೃತಿಗಳ ಸ್ವಭಾವದ ಈ ಭಿನ್ನತೆಯೇ ಆ ಪ್ರಬಂಧದ ಪಾಠವನ್ನು ನಿರ್ಧರಿಸಿತು.

ಮುದ್ರಣದಲ್ಲಿಯೂ ಇಕ್ಕಟ್ಟು ಬಿಡಲಿಲ್ಲ. ಎ4 ಅಳತೆಯ ಪುಟವನ್ನು ಅಂಗುಲಕ್ಕೆ 300 ಚುಕ್ಕಿಗಳ ದರದಲ್ಲಿ ಚಿತ್ರವಾಗಿ ಕಟ್ಟಿದರೆ ಹತ್ತಿರ ಹತ್ತಿರ 87 ಲಕ್ಷ ಚುಕ್ಕಿ. ಅದಕ್ಕೆ ಒಂದು ಮೆಗಾಬೈಟ್‌ಗೂ ತುಸು ಹೆಚ್ಚು ಸ್ಮೃತಿ ಬೇಕು. 1987ರಲ್ಲಿ ಬಂದು ಬಹಳ ಬಳಕೆಯಲ್ಲಿದ್ದ ಎಚ್‌ಪಿ ಲೇಸರ್‌ಜೆಟ್‌ನ ಎರಡನೆಯ ಮಾದರಿಯಲ್ಲಿ ಮೂಲತಃ ಇದ್ದುದು 512 ಕೆಬಿ. ಇಂಗ್ಲಿಷ್ ಅಕ್ಷರಗಳು ಮುದ್ರಕದೊಳಗೇ ಇದ್ದುದರಿಂದ ಆ ಭಾಷೆಯ ಪುಟಕ್ಕೆ ಇದು ತೊಡಕಾಗಲಿಲ್ಲ. ಕನ್ನಡದ ಪುಟವನ್ನು ಚಿತ್ರವೆಂದು ಕಳುಹಿಸಿದರೆ ಅರ್ಧ ಪುಟ ಒಂದು ಹಾಳೆಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಬರುವ ಸಂಭವವಿತ್ತು. ಚುಕ್ಕಿಮುದ್ರಕಕ್ಕೆ ಈ ತೊಂದರೆಯಿಲ್ಲ. ಅದು ಸಾಲು ಸಾಲಾಗಿ ಮುದ್ರಿಸುತ್ತ ಹಿಂದಿನದನ್ನು ಮರೆತುಬಿಡುತ್ತದೆ. ಆ ಪ್ರಬಂಧ 24 ಸೂಜಿಗಳ ಚುಕ್ಕಿಮುದ್ರಕದಲ್ಲಿ ರಾತ್ರಿಯೆಲ್ಲ ಕಿರುಗುಟ್ಟುತ್ತ ಹೊರಬಂದಿತು. ಪ್ರತಿಗಳನ್ನು ಝೆರಾಕ್ಸ್ ಮಾಡಿಸಿ ಒಪ್ಪಿಸಲಾಯಿತು.

ನಂತರದ ಬದಲಾವಣೆಗಳು ವೇಗವಾಗಿ ಬಂದವು. ವಿಂಡೋಸ್ 95 ಬಂದಿತು; 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ತಂತ್ರಾಂಶ, 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಕನ್ನಡಿಗರ ಕೈಸೇರಿದವು. 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಸಾಮಾನ್ಯ ಬಳಕೆದಾರನ ಯಂತ್ರದಲ್ಲಿ ಅದು ಕಾಣಿಸಿಕೊಂಡದ್ದು 2001ರ ವಿಂಡೋಸ್ ಎಕ್ಸ್‌ಪಿಯಿಂದೀಚೆಗೆ. ಅಂಗಡಿಯ ಹಳೆಯ 386 ಯಂತ್ರ ಗುಜರಿಗೆ ಹೋಯಿತು. ಅದರೊಂದಿಗೆ ಆ ಡಾಸ್ ತಂತ್ರಾಂಶವೂ ಹೋಯಿತು, ನೂರು ಪುಟದ ನೋಟುಪುಸ್ತಕವೂ ಎಲ್ಲಿಯೋ ಕಳೆಯಿತು.

2016ರ ಸುಮಾರಿಗೆ, ನಿವೃತ್ತಿಯ ಅಂಚಿನಲ್ಲಿದ್ದ ಸಂಶೋಧಕಿ ಆ ಹಾಡುಗಳನ್ನು ಪುಸ್ತಕವಾಗಿ ತರಲು ಬಯಸಿ ಆತನನ್ನು ಹುಡುಕಿಕೊಂಡು ಬಂದರು. ಅವರ ಕೈಯಲ್ಲಿದ್ದುದು ಮೂರೂವರೆ ಅಂಗುಲದ ಎರಡು ಫ್ಲಾಪಿಗಳು, ಹಳದಿಯಾದ ಒಂದು ಪ್ರತಿ. ಒಂದು ಫ್ಲಾಪಿ ಓದಲಾಗದಷ್ಟು ಕೆಟ್ಟಿತ್ತು. ಇನ್ನೊಂದರಿಂದ ಏಳರಲ್ಲಿ ಐದು ಕಡತಗಳು ಹೊರಬಂದವು. ತೆರೆದು ನೋಡಿದರೆ ಅದರಲ್ಲಿ ಒಂದಾದರೂ ಕನ್ನಡ ಅಕ್ಷರವಿರಲಿಲ್ಲ. ತುಂಬಿದ್ದುದೆಲ್ಲ ರೋಮನ್ ಅಕ್ಷರ, ಆವರಣ, ಅಲ್ಪವಿರಾಮ, ಪ್ರಶ್ನಾರ್ಥಕಗಳ ಅರ್ಥವಿಲ್ಲದ ಸಾಲುಗಳು.

ಹೀಗಾಗುವುದಕ್ಕೆ ಕಾರಣ ಮೇಲೆ ಹೇಳಿದ ಎರಡನೆಯ ಕ್ರಮ. ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ‘ಕನ್ನಡ’ ಎಂದು ಬರೆದುದನ್ನು ಆ ಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ರೋಮನ್ನಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ದೊಡ್ಡ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಅದೇ ಎ. ಒಟ್ಟು ಏಳು ಬೈಟ್. ಇದೇ ಪದ ಇಸ್ಕಿಯಲ್ಲಿ ಐದು ಬೈಟ್. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8ರಲ್ಲಿ ಹದಿನೈದು ಬೈಟ್. ಹದಿನೈದು ಬೈಟ್ ಖರ್ಚಾದರೂ ಅಲ್ಲಿ ಕಕಾರ ಕಕಾರವೇ ಆಗಿ ಉಳಿಯುತ್ತದೆ. ಏಳು ಬೈಟ್‌ನಲ್ಲಿ ಅದು ಪಿ ಎಂಬ ವೇಷದಲ್ಲಿದೆ.

ಬೀದರ್ ಜಿಲ್ಲೆಗೆ ಇಂಥ ವೇಷ ಹೊಸದಲ್ಲ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ನಾಡಿನಲ್ಲಿ ಮನೆಮಾತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ವಿಲೀನವಾಗಿ, 1956ರಲ್ಲಿ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿದ ಮೇಲೆ ಆ ಫಲಕದ ಅಗತ್ಯ ತೀರಿತು. ಫಲಕ ಇಳಿಸಿದಾಗ ಒಳಗಿನ ಕನ್ನಡಕ್ಕೆ ಏನೂ ಆಗಲಿಲ್ಲ, ಏಕೆಂದರೆ ಅದು ಕಲಿತವರ ನಾಲಗೆಯಲ್ಲಿಯೂ ನೆನಪಿನಲ್ಲಿಯೂ ಇತ್ತು. ಗಣಕದ ಕಡತದಲ್ಲಿಯೂ ಹೊರಗೆ ರೋಮನ್ ಫಲಕ, ಒಳಗೆ ಕನ್ನಡ. ಆದರೆ ಇಲ್ಲಿ ಒಳಗಿನ ಕನ್ನಡವನ್ನು ಬಲ್ಲದ್ದು ಒಂದು ಅಕ್ಷರಶೈಲಿಯ ಕಡತ ಮಾತ್ರ. ಅದು ಅಳಿದರೆ ಫಲಕವಷ್ಟೇ ಉಳಿಯುತ್ತದೆ.

ಹೆಚ್ಚು ಬಳಕೆಯಲ್ಲಿದ್ದ ನುಡಿ, ಬರಹದಂಥ ತಂತ್ರಾಂಶಗಳ ಬರಹವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ. ಹೆಸರು ಕಳೆದುಕೊಂಡ ಸಣ್ಣ ಡಾಸ್ ತಂತ್ರಾಂಶಕ್ಕೆ ಅಂಥದಿಲ್ಲ. ಆತನ ಬಳಿ ಉಳಿದಿದ್ದುದು ಬೆರಳುಗಳ ನೆನಪು. ಒತ್ತಿದ ಕೀಲಿಯ ಇಂಗ್ಲಿಷ್ ಸಂಕೇತವೇ ಕಡತದಲ್ಲಿ ನಿಲ್ಲುವ ಪದ್ಧತಿ ಆ ತಂತ್ರಾಂಶದ್ದಾದ್ದರಿಂದ, ಪರದೆಯ ರೋಮನ್ ಸಾಲನ್ನು ನೋಡುತ್ತ ಮೇಜಿನ ಮೇಲೆ ಬರಿಗೈಯಲ್ಲಿ ಬೆರಳಾಡಿಸಿದರೆ ಯಾವ ಕೀಲಿಗೆ ಯಾವ ಚೂರು ಎಂಬುದು ಮೆಲ್ಲನೆ ಮರಳಿ ಬಂದಿತು. ಬೆರಳು ಅನುಮಾನಿಸಿದ ಕಡೆ ಮುದ್ರಿತ ಪ್ರತಿ ನೆರವಾಯಿತು. ಹೀಗೆ ಕೋಷ್ಟಕವೊಂದು ಸಿದ್ಧವಾಯಿತು. ಊರಿನ ಕಾಲೇಜೊಂದರಲ್ಲಿ ಓದುತ್ತಿದ್ದ ಹುಡುಗನೊಬ್ಬ ಅದನ್ನು ಆಧರಿಸಿ ಪರಿವರ್ತಕವನ್ನು ಬರೆದುಕೊಟ್ಟ. ಬರಿಯ ಅಕ್ಷರದ ಬದಲು ಅಕ್ಷರವಿಟ್ಟರೆ ಸಾಲಲಿಲ್ಲ. ಚೂರುಗಳ ಬರಹ ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತದೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿರುತ್ತದೆ. ‘ಸೂರ್ಯ’ ಪದದ ಅರ್ಕಾವತ್ತು ಹಳೆಯ ಕಡತದಲ್ಲಿ ಯಕಾರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಇಂಥವನ್ನೆಲ್ಲ ಸ್ಥಳಾಂತರಿಸುವ ನಿಯಮಗಳನ್ನು ಒಂದೊಂದಾಗಿ ಸೇರಿಸಬೇಕಾಯಿತು. 640 ಕೆಬಿಯಲ್ಲಿ ಉಳಿಸಿದ್ದ ಶ್ರಮವನ್ನು ಎರಡು ದಶಕಗಳ ಬಳಿಕ ಮನುಷ್ಯರು ಬಡ್ಡಿಸಮೇತ ತೀರಿಸಿದರು ಎನ್ನಬೇಕು.

ಐದು ಕಡತಗಳು ಹೀಗೆ ಕನ್ನಡಕ್ಕೆ ಮರಳಿದವು. ಉಳಿದೆರಡನ್ನು ಮುದ್ರಿತ ಪ್ರತಿ ನೋಡಿ ಹೊಸದಾಗಿ ಬೆರಳಚ್ಚು ಮಾಡಲಾಯಿತು. ಆದರೆ ಯಾವ ಪರಿವರ್ತಕವೂ ಮರಳಿಸಲಾಗದ ಒಂದು ಭಾಗವಿತ್ತು. ನಕ್ಷತ್ರಗಳು ನಕ್ಷತ್ರಗಳಾಗಿಯೇ ಬಂದವು. ಅವುಗಳ ಕೆಳಗಿದ್ದ ಅಣ್ಣ, ತಮ್ಮ, ತವರೂರುಗಳ ಹೆಸರುಗಳು ಕಡತದಲ್ಲಿ ಎಂದೂ ಇರಲಿಲ್ಲ. ಸಂಶೋಧಕಿ ಮತ್ತೆ ಔರಾದಿನ ಹಳ್ಳಿಗಳಿಗೆ ಹೋದರು. ಹಾಡಿದವರಲ್ಲಿ ಹಲವರು ತೀರಿಕೊಂಡಿದ್ದರು. ಒಬ್ಬರ ಮಗಳಿಗೆ ತಾಯಿಯ ಕೆಲವು ಪದಗಳು ನೆನಪಿದ್ದವು. ಆದರೆ ಬೀಸುಕಲ್ಲು ಬಿಟ್ಟ ಮೇಲೆ ಸೊಲ್ಲು ತಪ್ಪುತ್ತದೆಂದು ಆಕೆ ಹೇಳಿದರು. ಕೆಲವು ನಕ್ಷತ್ರಗಳು ಬಿಡಿಸಿಕೊಂಡವು, ಹೆಚ್ಚಿನವು ಹಾಗೆಯೇ ಉಳಿದವು.

ಇಂದು ಸಾಧಾರಣ ಕೈಫೋನಿನಲ್ಲಿಯೂ 4 ಗಿಗಾಬೈಟ್ ಸ್ಮೃತಿಯಿರುವುದುಂಟು. ಅದು ಆ ಪಡಸಾಲೆಯ 6,500 ಪಟ್ಟಿಗೂ ಹೆಚ್ಚು. ಹಿಂದೆ ಹೊರಗುಳಿದ ೞಕಾರಕ್ಕೂ ಯೂನಿಕೋಡ್‌ನಲ್ಲಿ ಮನೆ ದೊರೆತಿದೆ. ತಪ್ಪಿನಿಂದ ಅದಕ್ಕೆ ‘ಎಫ್‌ಎ’ ಎಂಬ ಹೆಸರು ಬಿದ್ದಿದ್ದರೂ ಅಕ್ಷರವಂತೂ ಸುರಕ್ಷಿತ. ಆದರೆ 1990ರ ದಶಕದಲ್ಲಿ ಗಡಿಜಿಲ್ಲೆಗಳಲ್ಲಿ ಸಿದ್ಧವಾದ ಪ್ರಬಂಧಗಳ ಅನುಬಂಧಗಳು, ಸ್ಮರಣಸಂಚಿಕೆಗಳು, ಗ್ರಾಮಗಳ ಪದಸಂಗ್ರಹಗಳು ಹಲವರ ಮನೆಯ ಪೆಟ್ಟಿಗೆಗಳಲ್ಲಿ ಇಂಥ ಫ್ಲಾಪಿಗಳಾಗಿಯೇ ಇವೆ. ಅವನ್ನು ಬೆರಳಚ್ಚಿಸಿದವರ ಬೆರಳುಗಳಿಗೆ ನೆನಪಿರುವವರೆಗೆ ಮಾತ್ರ ಅವು ಕನ್ನಡ. ವಿಭಾಗಗಳು ತಮ್ಮ ಕಪಾಟುಗಳನ್ನು ತೆರೆದು ನೋಡುವ, ಮುದ್ರಿತ ಪ್ರತಿಯ ಜೊತೆಗಿಟ್ಟು ಕೋಷ್ಟಕ ಕಟ್ಟುವ, ಆ ಕಾಲದ ಅಕ್ಷರಜೋಡಣೆಗಾರರನ್ನು ಮಾಹಿತಿದಾರರೆಂದೇ ಗೌರವಿಸಿ ಮಾತನಾಡಿಸುವ ಕೆಲಸ ತಡವಾಗಬಾರದು. ಹಾಡಿದವರ ಹೆಸರಿನ ಪಕ್ಕದಲ್ಲಿ ಅಚ್ಚಿಗೆ ಸಿದ್ಧಪಡಿಸಿದವನ ಹೆಸರೂ ಇರಬೇಕಾದುದು ನ್ಯಾಯ.

ಆ ಸಂಗ್ರಹದ ಹಸ್ತಪ್ರತಿಯಲ್ಲಿ ಬಿಡಿಸಲಾಗದ ನಕ್ಷತ್ರಗಳನ್ನು ಊಹೆಯಿಂದ ತುಂಬಬೇಕೆಂದು ಕೆಲವರು ಸಲಹೆ ಮಾಡಿದ್ದರು. ಸಂಶೋಧಕಿ ಒಪ್ಪಲಿಲ್ಲ, ಆತನೂ ಒಪ್ಪಲಿಲ್ಲ. ನಕ್ಷತ್ರಗಳನ್ನು ಇದ್ದಲ್ಲೇ ಇರಿಸಿ, ಅವು ಹಾಡಿನ ಭಾಗವಲ್ಲವೆಂದೂ 1994ರ ಗಣಕಯಂತ್ರದಲ್ಲಿ ಜಾಗ ಸಾಲದೆ ಉಳಿದ ಗುರುತುಗಳೆಂದೂ ಮುನ್ನುಡಿಯಲ್ಲಿ ತಿಳಿಸಲು ಅವರಿಬ್ಬರೂ ನಿರ್ಧರಿಸಿದರು.